ಜಿನಪಾಲ ಹೆಲಿಕಾಪ್ಟರ್ ಕಟ್ಟಲು ಕೂತದ್ದು

ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಲಾರಿ ಓಡಿಸುತ್ತಿದ್ದ ಜಿನಪಾಲನ ಕೈಯಲ್ಲಿ ಬೇರೆ ಒಂದು ವಿದ್ಯೆಯೂ ಇತ್ತು ಎಂಬುದು ಅವನ ಹೆಂಡತಿ ರಾಜಮತಿಯನ್ನು ಬಿಟ್ಟರೆ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಅದು ತಿಳಿದದ್ದು ಅತ್ತೆಯ ಬಾಯಿಂದ. ಗಂಡ ತಾನಾಗಿ ಎಂದೂ ಹೇಳಿಕೊಂಡವನಲ್ಲ.

ಜಿನಪಾಲ ಬೆಳೆದದ್ದು ಬೆಳಗಾವಿಯಲ್ಲಿ, ಕೋಟೆಯ ಬಾಜೂಕಿನ ಒಂದು ಓಣಿಯಲ್ಲಿ. ಅವನಪ್ಪ ಬಡಗಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸಾಂಬ್ರಾದ ವಿಮಾನದ ಬಯಲಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಆಕಾಶದಲ್ಲಿ ಹಾರುವ ವಿಮಾನ ನಮ್ಮದೋ ವೈರಿಯದೋ ಎಂದು ಸಿಪಾಯಿಗಳಿಗೆ ಗುರುತು ಕಲಿಸಲು ಅಲ್ಲಿ ಕಟ್ಟಿಗೆಯಲ್ಲಿ ಸಣ್ಣ ಸಣ್ಣ ವಿಮಾನ ಕೆತ್ತಿಸುತ್ತಿದ್ದರು. ಅಪ್ಪ ಉಳಿದ ತುಂಡುಗಳನ್ನು ಚೀಲದಲ್ಲಿ ಮನೆಗೆ ತರುತ್ತಿದ್ದ. ಹುಡುಗ ಜಿನಪಾಲ ಅಪ್ಪನ ಎದುರಿಗೆ ಕೂತು ಅವುಗಳನ್ನು ಕೆತ್ತಿ, ತಿಕ್ಕಿ, ರೆಕ್ಕೆ ಕೂಡಿಸಿ, ಬಣ್ಣ ಹಚ್ಚಿ ತೊಲೆಗೆ ದಾರದಿಂದ ತೂಗುಬಿಡುತ್ತಿದ್ದ. ಯುದ್ಧ ಮುಗಿದರೂ ಅವನ ಹುಚ್ಚು ಮುಗಿಯಲಿಲ್ಲ. ಕಮಲ ಬಸದಿಗೆ ಹೋಗಿ ಬರುವ ಹೆಂಗಸರು ದಾರಿಯಲ್ಲಿ ಇವರ ಮನೆ ಹೊಕ್ಕು, ತಲೆ ಎತ್ತಿ ವಿಮಾನ ನೋಡಿ, "ಅಕ್ಕಾತಾಯಿ, ನಿನ್ನ ಮಗಾ ಮುಂದ ದೊಡ್ಡ ಮನಶ್ಯಾ ಆಕ್ಕಾನ ಬಿಡ," ಅನ್ನುವರು. ಅಕ್ಕಾತಾಯಿಗೆ ಅಷ್ಟು ಸಾಕಿತ್ತು.

ಮುಂದೆ ಅಪ್ಪ ಹಾವು ಕಡಿದು ಸತ್ತ. ಜಿನಪಾಲನಿಗೆ ಆಗ ಮೀಸೆ ಮೂಡುತ್ತಿತ್ತು. ವಿಮಾನಗಳ ದಾರ ಹರಿದು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಸೋದರಮಾವನ ಮಕ್ಕಳಿಗೆ ಕೊಟ್ಟು, ಖಾನಾಪುರಕ್ಕೆ ಬಂದು ಲಾರಿಯ ಕ್ಲೀನರ್ ಆಗಿ ನಿಂತ. ಹಾಗೇ ಡ್ರೈವರ್ ಆದ, ರಾಜಮತಿಯನ್ನು ಮದುವೆಯಾದ, ಟೇಶನ್ ಕಡೆಯ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದ. ಮಕ್ಕಳಾಗಲಿಲ್ಲ. ಸಂಜೆ ಹೊತ್ತು ಮುಳುಗುವ ಮೊದಲು ಉಣ್ಣುವ ಮನೆತನದವನು ದಾರಿಯಲ್ಲಿ ಎಲ್ಲೇ ಇರಲಿ, ಲಾರಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದ. ಉಳಿದ ಡ್ರೈವರುಗಳು ಅವನನ್ನು ಸ್ವಾಮಿಗಳು ಎಂದು ಚೇಷ್ಟೆ ಮಾಡುತ್ತಿದ್ದರು. ಅವನ ಲಾರಿಯ ಕೆಳಗೆ ಒಂದು ನಾಯಿ ಸಹ ಸತ್ತಿರಲಿಲ್ಲ.

ಎಂಬತ್ತರ ಸುಮಾರಿಗೆ ಹಂಚಿನ ಲೋಡು ಇಳಿಸಲು ಗೋವಾದ ಮಡಗಾವಿಗೆ ಹೋದಾಗ ಒಂದು ಅಂಗಡಿಯ ಗಾಜಿನೊಳಗೆ ಅವನ ಕಣ್ಣಿಗೆ ಒಂದು ಪೆಟ್ಟಿಗೆ ಬಿತ್ತು. ಮೇಲೆ ಹಿಮದ ಬೆಟ್ಟದ ನೆತ್ತಿಯಲ್ಲಿ ಹಾರುವ ಹೆಲಿಕಾಪ್ಟರಿನ ಚಿತ್ರ. ಒಳಗೆ ಅದರದೇ ಬಿಡಿಭಾಗಗಳು, ಪ್ಲಾಸ್ಟಿಕ್ಕಿನವು, ಕೂಡಿಸಿದರೆ ಗೇಣುದ್ದದ ಹೆಲಿಕಾಪ್ಟರು. ಜಿನಪಾಲ ಅಂಗಡಿಯ ಮುಂದೆ ಎರಡು ಸಲ ಹಾದ, ಮೂರನೆಯ ಸಲ ಒಳಗೆ ಹೋದ. ಮನೆಗೆ ತಂದವನು ರಾಜಮತಿಗೆ ಪೆಟ್ಟಿಗೆ ತೆರೆದು ತೋರಿಸಿದ, ಮುಚ್ಚಿದ, ಕಪಾಟಿನ ಮೇಲಿಟ್ಟ. ಪುರಸೊತ್ತು ಸಿಕ್ಕಾಗ ಮಾಡಿದರಾಯಿತು ಎಂದ. ಪುರಸೊತ್ತು ಬರಲಿಲ್ಲ, ಎರಡು ಮಳೆಗಾಲ ಹೋದವು.

ಎಂಬತ್ಮೂರರ ಸುಗ್ಗಿಯಲ್ಲಿ ಅದು ನಡೆಯಿತು. ಪಾರಿಶ್ವಾಡದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮನೆಯೊಂದಕ್ಕೆ ಹಂಚು ಇಳಿಸಿ ಜಿನಪಾಲ ಬರಿ ಲಾರಿ ತಿರುಗಿಸಿಕೊಂಡು ಬರುತ್ತಿದ್ದ. ಕ್ಲೀನರ್ ಕಲ್ಲಯ್ಯನಿಗೆ ಜ್ವರ ಬಂದು ಅವತ್ತು ಬಂದಿರಲಿಲ್ಲ, ಎಡಗಡೆಯ ಸೀಟು ಖಾಲಿ. ಊರು ದಾಟಿ ಸ್ವಲ್ಪ ದೂರ ಬಂದಿದ್ದ. ಬಿಸಿಲು ಇನ್ನೂ ಇತ್ತು, ರಸ್ತೆ ಖಾಲಿ ಇತ್ತು, ಅಥವಾ ಅವನಿಗೆ ಖಾಲಿ ಕಂಡಿತು. ಲಾರಿಯ ಎಡಗಡೆ ಏನೋ ಬಡಿದ ಸದ್ದಾಯಿತು. ಬ್ರೇಕ್ ಹಾಕಿ ಇಳಿದು ನೋಡಿದರೆ ಹಿಂದಿನ ಗಾಲಿಯ ಕೆಳಗೆ ಒಂದು ಸೈಕಲ್ಲು, ಅದರ ಜೊತೆ ಒಬ್ಬ ಮನುಷ್ಯ. ಹೊಲದ ದಾರಿಯಿಂದ ರಸ್ತೆಗೆ ಬಂದವನು. ಪಾರಿಶ್ವಾಡದ ಬಂಡೆಪ್ಪ. ಜಿನಪಾಲ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಬಿಡಲು ನೋಡಿದ, ನೀರು ಹೊರಗೇ ಹರಿಯಿತು.

ಪೊಲೀಸರ ಮುಂದೆ ಜಿನಪಾಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದ. "ರಸ್ತಾ ಖಾಲಿ ಇತ್ರಿ ಸಾಹೇಬ್ರ. ಅಂವಾ ಎಲ್ಲಿಂದ ಬಂದನೋ ಗೊತ್ತಾಗ್ಲಿಲ್ಲ. ಇದ್ದಿದ್ದಿಲ್ಲ, ಒಮ್ಮಿಗಲೇ ಇದ್ದ."

ಕಾರ್ಖಾನೆಯ ಮಾಲಕರು ಹಿಡಿದ ವಕೀಲರು ಆ ಮಾತನ್ನು ಕೇಳಿ ತಲೆದೂಗಿದರು. "ಛಲೋ ಆತು. ಅಂವಾ ಅಡ್ಡ ಬಂದ, ನೀ ಬ್ರೇಕ್ ಹಾಕಿದಿ. ಹಂಗ ಒಮ್ಮಿಗಲೇ ರಸ್ತಾಕ್ಕ ನುಗ್ಗಬೇಕಂದ್ರ ಕುಡದಿರಬೇಕು. ಉಳಿದದ್ದು ನಾ ನೋಡ್ಕೋತೀನಿ."

"ಕುಡದಿದ್ದನೋ ಇಲ್ಲೋ ನನಗ ಗೊತ್ತಿಲ್ರಿ," ಎಂದ ಜಿನಪಾಲ.

"ನಿನಗ ಗೊತ್ತಿರಬೇಕಂತ ಯಾರು ಅಂದ್ರು? ನೀ ಸುಮ್ನಿರು."

ಜಿನಪಾಲ ಸುಮ್ಮನಿದ್ದ. ಖಾನಾಪುರದ ಕೋರ್ಟಿನಲ್ಲಿ ಕೇಸು ನಿಂತಿತು. ತೀರ್ಪಾಗುವವರೆಗೆ ಲಾರಿ ಹತ್ತಬೇಡ ಎಂದರು ಮಾಲಕರು. ಮನೆಯಲ್ಲಿ ಕೂತ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅಂಗಿ ತೊಟ್ಟು ಗೋಡೆಗೆ ಬೆನ್ನು ಹಚ್ಚಿ ಕೂತರೆ ಮಧ್ಯಾಹ್ನದ ತನಕ ಮಾತಿಲ್ಲ. ಉಣ್ಣು ಎಂದರೆ ಎರಡು ತುತ್ತು ಉಂಡು ಕೈ ತೊಳೆಯುವನು. ತೊಡೆಯ ಮೇಲಿನ ಆ ತಲೆಯ ಭಾರ ಇನ್ನೂ ಅಲ್ಲೇ ಇದ್ದಂತೆ ಕಾಲು ಮಡಿಸದೆ ಕೂಡುತ್ತಿದ್ದ. ರಾಜಮತಿ ನೋಡುವಷ್ಟು ನೋಡಿದಳು. ಒಂದು ದಿನ ಸ್ಟೂಲು ಹತ್ತಿ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಅವನ ಮುಂದಿಟ್ಟಳು.

"ಹಿಂಗ ಗ್ವಾಡಿ ನೋಡ್ಕೋತ ಕುಂತ್ರ ಸತ್ತಾಂವ ಬರಾಂಗಿಲ್ರಿ. ಇದನ್ನರ ಮಾಡ್ರಿ."

"ಇದು ಹುಡುಗ್ರ ಆಟ."

"ಇರಲಿ. ಮನ್ಯಾಗ ಹುಡುಗ್ರಿಲ್ಲ, ನೀವ ಆಡ್ರಿ."

ಮರುದಿನ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಕೂತ. ಪೆಟ್ಟಿಗೆಯೊಳಗೆ ಬಿಡಿಭಾಗಗಳು ಕಡ್ಡಿಯ ಚೌಕಟ್ಟಿಗೆ ಹತ್ತಿಕೊಂಡಿದ್ದವು, ಒಂದೊಂದರ ಪಕ್ಕ ಒಂದೊಂದು ನಂಬರು. ಜೊತೆಗಿದ್ದ ಹಾಳೆಯ ಮೇಲಿನ ಅಕ್ಷರ ಯಾವ ದೇಶದ್ದೋ, ಚಿತ್ರಗಳು ಮಾತ್ರ ಸ್ಪಷ್ಟ. ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಪೇಟೆಯ ರೇಡಿಯೊ ರಿಪೇರಿಯವನ ಹತ್ತಿರ ಹೋಗಿ ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ನೀರಿನಂಥ ಅಂಟನ್ನು ಸಣ್ಣ ಶೀಶೆಯಲ್ಲಿ ತಂದ. ಬ್ಲೇಡಿನಿಂದ ಮೊದಲ ಭಾಗ ಕತ್ತರಿಸಿದ, ಅಂಚನ್ನು ಸವರಿ ನೋಡಿದ, ಒರಟು ಇದ್ದಲ್ಲಿ ಮರಳಿನ ಕಾಗದದಿಂದ ತಿಕ್ಕಿದ. ಮೂವತ್ತು ವರ್ಷದ ಮೇಲೆ ಮಾಡುತ್ತಿದ್ದರೂ ಬೆರಳುಗಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಒಡಲಿನ ಎರಡು ಹೋಳುಗಳನ್ನು ಕೂಡಿಸಿ ದಾರ ಸುತ್ತಿ ಬಿಗಿದು ಒಣಗಲು ಇಟ್ಟಾಗ ರಾಜಮತಿ ಒಳಗಿನಿಂದ ನೋಡಿದಳು. ಗಂಡನ ತುಟಿ ಏನೋ ಗುನುಗುತ್ತಿತ್ತು. ಅವಳು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಆ ಸುಖ ಒಂದು ವಾರವೂ ನಿಲ್ಲಲಿಲ್ಲ. ಭಾಗಗಳು ಕಳೆಯತೊಡಗಿದವು. ಕತ್ತರಿಸಿ ಇಟ್ಟ ಗಾಲಿ, ತಿರುಗಿ ನೋಡಿದರೆ ಇಲ್ಲ. ಸೀಟು ಇಲ್ಲ. ಬಾಲಕ್ಕೆ ಹಚ್ಚುವ ಸಣ್ಣ ಫ್ಯಾನು ಇಲ್ಲ. ನೆಲದ ಮೇಲೆ ಬಗ್ಗಿ ಹುಡುಕುವನು, ಚಾಪೆ ಝಾಡಿಸುವನು, ಕೊನೆಗೆ ರಾಜಮತಿಯನ್ನು ಕೂಗುವನು.

"ಇಲ್ಲೇ ಐತಲ್ರಿ, ನಿಮ್ಮ ಕೈ ಬಾಜೂಕ," ಅನ್ನುವಳು ಅವಳು ಬಂದು.

"ಈಗ ಇಟ್ಟಿ ನೀ."

"ನಾ ಯಾಕ ಇಡ್ಲಿ? ನಾ ಒಲಿ ಮುಂದ ಇದ್ದೆ."

ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಏರಿದ ದನಿಯಲ್ಲಿ ಮಾತಾಡದವನು ಒಂದು ಮಧ್ಯಾಹ್ನ, "ನನ್ನ ಸಾಮಾನು ಮುಟ್ಟಬ್ಯಾಡಂತ ಎಷ್ಟ ಸಲ ಹೇಳ್ಬೇಕು ನಿನಗ? ನಾ ಹುಚ್ಚ ಆಗೂದನ್ನ ನೋಡೂದೈತೇನು?" ಎಂದುಬಿಟ್ಟ. ರಾಜಮತಿ ಸೆರಗು ಬಾಯಿಗೆ ಹಚ್ಚಿಕೊಂಡು ಹಿತ್ತಲಿಗೆ ಹೋದಳು. ಜಿನಪಾಲ ಸಿಟ್ಟಿನಲ್ಲೇ ಮೇಜಿನ ಕಡೆ ತಿರುಗಿ ಕೂತ. ಫ್ಯಾನು ಬೇಕಾಗಿತ್ತು. ಇರಲಿಲ್ಲ. ಕುರ್ಚಿ ಸರಿಸಲು ಕೊಂಚ ಎಡಕ್ಕೆ ಹೊರಳಿದ, ಫ್ಯಾನು ಮೇಜಿನ ಮೇಲೆ ಅಲ್ಲೇ ಇತ್ತು. ಹಿತ್ತಲ ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ಅವನೊಬ್ಬನೇ ಇದ್ದ.

ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಹೆಲಿಕಾಪ್ಟರಿನ ಮೂತಿಯ ಮೇಲೆ ನೋಟ ನೆಟ್ಟು, ಕಣ್ಣು ಕದಲಿಸದೆ, ಎಡಗೈಯಲ್ಲಿ ಫ್ಯಾನು ಹಿಡಿದು ದೂರದಿಂದ ನಿಧಾನವಾಗಿ ಒಳಗೆ ತಂದ. ಕೈ ಇಲ್ಲ. ಕೈ ಇಲ್ಲ. ಕೈ ಇನ್ನೂ ಇಲ್ಲ. ಒಮ್ಮಿಗಲೇ ಬೆರಳು, ಬೆರಳಿನಲ್ಲಿ ಫ್ಯಾನು. ಎಲ್ಲಿಂದ ಬಂದಿತೋ ಗೊತ್ತಾಗಲಿಲ್ಲ.

ಬಲಗೈಯಲ್ಲಿ ಬಲಗಣ್ಣು ಮುಚ್ಚಿದ. ಕಿಟಕಿಯ ಬೆಳಕು ಹೋಯಿತು, ಮೇಜು ಹೋಯಿತು, ಹೆಲಿಕಾಪ್ಟರು ಹೋಯಿತು. ಓರೆಯಲ್ಲಿ ಒಂದು ತುಣುಕು ಮಬ್ಬು ಬೆಳಕು ಮಾತ್ರ ಉಳಿಯಿತು. ಕೈ ತೆಗೆದ, ಎಲ್ಲ ಬಂತು. ಮತ್ತೆ ಮುಚ್ಚಿದ.

ಹಿತ್ತಲಿನಿಂದ ಬಂದ ರಾಜಮತಿ ನೋಡಿದಾಗ ಗಂಡ ಒಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದ. ತಲೆನೋವೇನೋ ಎಂದುಕೊಂಡು ಹತ್ತಿರ ಬಂದಳು.

"ರಾಜಮತಿ, ಕಾರ್ಖಾನಿ ಗೇಟಿನ ಕಂಬಕ್ಕ ಲಾರಿ ಎರಡ ಸಲ ತಾಗಿತ್ತಲ್ಲ ಹ್ವಾದ ವರ್ಷ. ನಾ ಕಲ್ಲಯ್ಯಗ ಬೈದಿದ್ದೆ, ನೀ ಬರೋಬ್ಬರಿ ಸೈಡ್ ಹೇಳಲಿಲ್ಲಂತ."

"ಹ್ಞೂಂ."

"ಯಾವ ಬಾಜು ತಾಗಿತ್ತು ಹೇಳು."

ಅವಳಿಗೆ ನೆನಪಿರಲಿಲ್ಲ. ಅವನಿಗೆ ಇತ್ತು.

ಬೆಳಗಾವಿಯ ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂಡಿಸಿ, ದೀಪ ಹಿಡಿದು, ಹನಿ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ ಪರದೆ ಸರಿಸಿದರು.

"ಕಣ್ಣಿನೊಳಗಿನ ಒತ್ತಡ ಜಾಸ್ತಿ ಆಗೇತಿ. ಇದಕ್ಕ ನೋವಿರೂದಿಲ್ಲ, ಹಿಂಗಾಗಿ ಯಾರಿಗೂ ಗೊತ್ತಾಗೂದಿಲ್ಲ. ಎಡಗಣ್ಣು ಹೋದಂಗನ. ಬಲದ್ದೂ ಅಂಚಿನಿಂದ ಹೊಂಟೈತಿ. ಹನಿ ಬರದು ಕೊಡ್ತೀನಿ, ಉಳದದ್ದನ್ನ ಆದಷ್ಟು ದಿನ ಉಳಸೂಣು. ಹೋದದ್ದು ಬರೂದಿಲ್ಲ."

"ಹೋಗಿ ಎಷ್ಟು ದಿನ ಆಗಿರಬೇಕ್ರಿ?"

"ಮೂರು ವರ್ಷ, ನಾಕು ವರ್ಷ. ಏನು ಕೆಲಸ ಮಾಡ್ತೀರಿ?"

ಜಿನಪಾಲ ಚೀಟಿ ಮಡಚಿ ಜೇಬಿಗೆ ಇಟ್ಟು ಎದ್ದ. ಇಬ್ಬರೂ ಹೊರಗೆ ಬಂದು ಖಾನಾಪುರದ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಅವಳು ಅವನ ಎಡಗಡೆ ಕೂತಿದ್ದಳು. ದೇಸೂರು ದಾಟಿದ ಮೇಲೆ ಅವನು, "ನೀ ಅದಿ ಇಲ್ಲೋ ಗೊತ್ತಾಗವಲ್ದು," ಎಂದ. ಅವಳು ಅವನ ಕೈ ಹಿಡಿದುಕೊಂಡಳು. "ನಿಮಗ ಗೊತ್ತಿದ್ದಿಲ್ಲಲ್ರಿ," ಎಂದಳು, ಅದನ್ನೇ ಮತ್ತೆ ಮತ್ತೆ ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ. ಗೇಟಿನ ಕಂಬ ಎರಡು ಸಲ ತಾಗಿ ಹೇಳಿತ್ತು. ಕೇಳಿದ್ದರೆ ಬಂಡೆಪ್ಪ ಬದುಕಿರುತ್ತಿದ್ದ.

ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. "ನೋಡು ಜಿನಪಾಲ, ಈ ಮಾತು ನಾ ಕೇಳಿಲ್ಲ. ಕೇಸು ನಮ್ಮ ಕಡೀಗಿ ಐತಿ. ನಿನ್ನ ಕಣ್ಣ ನೋಡ್ರಂತ ಯಾರೂ ಕೇಳಿಲ್ಲ. ಖುಲಾಸೆ ಆದ ಮ್ಯಾಲ ಲಾರಿ ಬಿಡು, ಬ್ಯಾರೆ ಏನರ ಮಾಡು. ಈಗ ಬಾಯಿ ತಗದ್ರ ನೀನೂ ಮುಳಗ್ತಿ, ಮಾಲಕರನ್ನೂ ಮುಳಗಸ್ತಿ."

ಅವನು ಅಲ್ಲಿಂದ ಮನೆಗೆ ಬರಲಿಲ್ಲ. ಸೀದಾ ಪಾರಿಶ್ವಾಡದ ಬಸ್ಸು ಹತ್ತಿದ.

ಬಂಡೆಪ್ಪನ ಹೆಂಡತಿ ಗೌರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳು ಅವನನ್ನು ಎಂದೂ ನೋಡಿರಲಿಲ್ಲ. ಯಾರೋ ದೂರದವರು ಎಂದುಕೊಂಡು, "ಬರ್ರಿ ಅಣ್ಣಾರ, ಕುಂದರ್ರಿ. ಯಾರ್ ಬೇಕಿತ್ರಿ?" ಎಂದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಜಿನಪಾಲ ತಂಬಿಗೆ ಹಿಡಿದ, ತುಟಿಗೆ ಮುಟ್ಟಿಸಲಿಲ್ಲ.

"ಆ ಲಾರಿ ಡ್ರೈವರ್ ನಾನ ಯವ್ವಾ."

ಮೊರದ ಮೇಲಿದ್ದ ಅವಳ ಕೈ ನಿಂತಿತು. ಅವನು ಕಣ್ಣಿನ ಮಾತನ್ನು ಹೇಳಿದ. ಗೇಟಿನ ಕಂಬದ ಮಾತನ್ನು ಹೇಳಿದ. ತನಗೆ ಅವತ್ತು ಬಂಡೆಪ್ಪ ಕಾಣಲೇ ಇಲ್ಲ, ಅವನು ನುಗ್ಗಿ ಬಂದದ್ದಲ್ಲ, ತನ್ನ ಪಾಡಿಗೆ ತಾನು ಬಂದಿರಬೇಕು ಎಂದ. ಗೌರವ್ವ ಕೊನೆಯ ತನಕ ಕೇಳಿದಳು.

"ಅವರು ಲಿಂಗ ಕಟ್ಟಿದಾಂವ್ರು," ಎಂದಳು. "ಸೆರೆ ಅಂಗಡಿ ಇದ್ದ ಓಣ್ಯಾಗ ಹಾಯ್ತಿದ್ದಿಲ್ಲ. ನಿಮ್ಮ ವಕೀಲ್ರು ಕುಡದಿದ್ದಾ ಅಂದ್ರು. ಊರಾಗ ಮಂದಿ ಈಗ ಹಂಗ ಅಂತಾರ. ನನ್ನ ಅತ್ತಿ ಹೊರಗ ಬರೂದು ಬಿಟ್ಟಾಳ. ನೀವು ಅವತ್ತ ಯಾಕ ಸುಮ್ನಿದ್ರಿ?"

"ಸುಮ್ನಿರು ಅಂದ್ರು. ಇದ್ದೆ."

"ಈಗ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಮೊದ್ಲ ಗೊತ್ತಿತ್ತು ಅವರು ಕುಡದಿಲ್ಲ ಅನ್ನೂದು. ಕೋರ್ಟಿನ್ಯಾಗ ಹೇಳ್ರಿ."

ಜಿನಪಾಲ ತಲೆಯಾಡಿಸಿದ. ಹೇಳುತ್ತೇನೆ ಎಂದ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಎದ್ದ. ಅವನು ಗೇಟು ದಾಟುವ ಹೊತ್ತಿಗೆ ಆ ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿದ ಸಪ್ಪಳ ಕೇಳಿಸಿತು.

ಕೋರ್ಟಿನಲ್ಲಿ ಹೇಳಿದ. ಡಾಕ್ಟರ ಚೀಟಿ ತೋರಿಸಿದ. ವಕೀಲರು ವಕಾಲತ್ತು ಬಿಟ್ಟರು, ಮಾಲಕರು ಮುಖ ನೋಡುವುದು ಬಿಟ್ಟರು. ನ್ಯಾಯಾಧೀಶರು, ಕಣ್ಣು ಕಾಣದ್ದು ತಪ್ಪಲ್ಲ, ಕಾಣುವುದಿಲ್ಲ ಎಂಬ ಗುರುತು ಸಿಕ್ಕ ಮೇಲೂ ಪರೀಕ್ಷೆ ಮಾಡಿಸದೆ ಲಾರಿ ಹತ್ತಿದ್ದು ತಪ್ಪು ಎಂದು ಬರೆದು ಶಿಕ್ಷೆ ಕೊಟ್ಟರು. ಜಿನಪಾಲ ಅಪೀಲು ಮಾಡಲಿಲ್ಲ. ಜೈಲಿಗೆ ಹೋಗುವ ದಿನ ರಾಜಮತಿ ಹನಿಯ ಶೀಶೆಯನ್ನು ಅಂಗಿಯ ಜೇಬಿಗೆ ಇಟ್ಟಳು. ಅಲ್ಲಿ ಅವನು ತಪ್ಪದೆ ಹಾಕಿಕೊಂಡ. ಆದರೂ ಬಲಗಣ್ಣು ಡಾಕ್ಟರು ಹೇಳಿದಂತೆಯೇ ಅಂಚಿನಿಂದ ಒಳಗೊಳಗೆ ಹೋಯಿತು. ಬಿಡುಗಡೆಯಾಗಿ ಬಂದಾಗ ಅವನಿಗೆ ಜಗತ್ತು ಒಂದು ಕೊಳವೆಯೊಳಗಿಂದ ನೋಡಿದಷ್ಟು ಉಳಿದಿತ್ತು. ಎದುರು ನಿಂತವರ ಮೂಗು ಕಂಡರೆ ಕಿವಿ ಕಾಣದು.

ರಾಜಮತಿ ಆ ಹೊತ್ತಿಗೆ ಮನೆಮನೆಗೆ ಶಾವಿಗೆ, ಹಪ್ಪಳ ಮಾಡಿ ಕೊಡತೊಡಗಿದ್ದಳು. ಅರ್ಧ ಆದ ಹೆಲಿಕಾಪ್ಟರನ್ನು ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಿದ್ದಳು. ಒಂದು ದಿನ ಅದನ್ನು ಬಿಚ್ಚಿ ಅವನ ಕೈಗೆ ಕೊಟ್ಟು, "ಎಲ್ಲಿ ಏನು ಹಚ್ಚೂದು ನೀವ್ ಹೇಳ್ರಿ, ನಾ ಹಚ್ತೀನಿ. ಮುಗಸೂಣು," ಎಂದಳು. ಅವನು ಒಡಲನ್ನು ಸವರಿದ. ಕೂಡಿಸಿದ ಗೆರೆ ಬೆರಳಿಗೆ ಸಿಕ್ಕದಷ್ಟು ನಯವಾಗಿತ್ತು. ಅಷ್ಟು ಒಳ್ಳೆಯ ಕೆಲಸ ಅವನು ಹುಡುಗನಾಗಿದ್ದಾಗಲೂ ಮಾಡಿರಲಿಲ್ಲ.

"ಬ್ಯಾಡ. ಇದ ಇಲ್ದಿದ್ರ ನನಗ ತಿಳೀತಿದ್ದಿಲ್ಲ," ಎಂದ.

ಅವಳು ಅದನ್ನು ಮತ್ತೆ ಸುತ್ತಿ ಒಳಗಿಟ್ಟಳು.

ಸಂತೆಯ ದಿನ ಅವಳ ಭುಜ ಹಿಡಿದು ಪೇಟೆಗೆ ಹೋಗುತ್ತಿದ್ದ. ಒಮ್ಮೆ ಚಹಾದ ಅಂಗಡಿಯಲ್ಲಿ ಕೂತಾಗ ಹಿಂದಿನ ಬೆಂಚಿನಲ್ಲಿ ಪಾರಿಶ್ವಾಡದ ಕಡೆಯ ಇಬ್ಬರು ಮಾತಾಡುತ್ತಿದ್ದರು. ಯಾವುದೋ ಹೊಲದ ಮಾತು. ಯಾವ ಹೊಲ ಎಂದು ಒಬ್ಬ ಕೇಳಿದ. ಇನ್ನೊಬ್ಬ, "ಅದ, ಕುಡದು ಲಾರಿ ಕೆಳಗ ಬಿದ್ದನಲ್ಲ ಬಂಡೆಪ್ಪ, ಅವನ ಹೊಲದ ಬಾಜೂದು," ಎಂದ.

ಜಿನಪಾಲ ತಿರುಗಿದ. "ಅಂವಾ ಕುಡದಿದ್ದಿಲ್ಲ. ಕೋರ್ಟಿನ್ಯಾಗ ಬರದೈತಿ ನೋಡ್ರಿ."

"ನಿಮಗೇನ್ ಗೊತ್ರಿ ಅಜ್ಜಾರ?" ಎಂದ ಆ ಮನುಷ್ಯ. ದನಿಯಲ್ಲಿ ಕೆಟ್ಟತನವಿರಲಿಲ್ಲ. ಜಿನಪಾಲ ಹೇಳತೊಡಗುವಷ್ಟರಲ್ಲಿ ಅವರ ಬಸ್ಸು ಬಂತು, ಎದ್ದು ಹೋದರು. ಅವರು ಕೂತಿದ್ದ ಕಡೆ ಮುಖ ಮಾಡಿ ಅವನು ಇನ್ನೂ ಮಾತಾಡುತ್ತಿದ್ದ. ರಾಜಮತಿ ತೋಳು ಮುಟ್ಟಿ ನಿಲ್ಲಿಸಿದಳು. ಅವತ್ತಿನಿಂದ ಅವನು ಪೇಟೆಗೆ ಹೋಗುವುದನ್ನೇ ಬಿಟ್ಟ.

ಎಂಬತ್ತಾರರ ದೀಪಾವಳಿಯ ಮುಂದೆ ಕಲ್ಲಯ್ಯ ನೋಡಲು ಬಂದ. ಹಣ್ಣು ತಂದಿದ್ದ. ಕಾರ್ಖಾನೆಯಲ್ಲಿ ಈಗ ಆ ಲಾರಿಯನ್ನು ತಾನೇ ಓಡಿಸುತ್ತೇನೆ ಎಂದ. ಸಂಕೋಚದಿಂದಲೇ ಹೇಳಿದ.

"ಪಾರಿಶ್ವಾಡ ರೋಡಿಗೂ ಹೊಕ್ಕಿ?"

"ವಾರಕ್ಕ ಎರಡ ಸಲರೆ ಹೋಗ್ತೀನ್ರಿ."

"ಕಣ್ಣು ತೋರಿಸೀ?"

ಕಲ್ಲಯ್ಯ ನಕ್ಕ. "ನನ್ನ ಕಣ್ಣಿಗೇನಾಗೇತ್ರಿ ಅಣ್ಣಾರ, ಛಲೋ ಕಾಣ್ತಾವ."

"ನನಗೂ ಛಲೋ ಕಾಣ್ತಿದ್ವು. ಇಲ್ಲಿ ಬಾ, ಮುಂದ ಕುಂದರು. ಬಲಗಣ್ಣು ಮುಚ್ಚು. ನನ್ನ ಮೂಗನ್ನ ನೋಡು, ತಲಿ ಅಳಗಾಡಸಬ್ಯಾಡ."

ಕಲ್ಲಯ್ಯ ಮನಸ್ಸಿಲ್ಲದೆ ಬಂದು ಕೂತ. ಜಿನಪಾಲ ಕೈ ಚಾಚಿ ಕಲ್ಲಯ್ಯನ ಎಡ ಕಿವಿಯ ಆಚೆ ಬೆರಳು ಎತ್ತಿ ಹಿಡಿದ. "ಎಷ್ಟು ಬಟ್ಟ ಅದಾವ?"

"ಮೂರ್ರಿ."

ಮೂರೇ ಇದ್ದವು. ಆದರೆ ಕಲ್ಲಯ್ಯ ಮೂಗು ನೋಡುತ್ತಲೇ ಹೇಳಿದನೋ, ಕೈ ಸರಿಸಿ ಕಣ್ಣು ಹೊರಳಿಸಿ ನೋಡಿ ಹೇಳಿದನೋ, ಜಿನಪಾಲನಿಗೆ ತಿಳಿಯಲಿಲ್ಲ. ಎದುರಿಗೆ ಅವನಿಗೆ ಕಾಣುತ್ತಿದ್ದದ್ದು ಒಂದು ಗದ್ದ, ಅದರ ಮೇಲೆ ನಗುವ ತುಟಿ.

"ಬೆಳಗಾವಿಗೆ ಹೋಗಿ ಒಮ್ಮಿ ಡಾಕ್ಟರಿಗೆ ತೋರಸು ಕಲ್ಲಯ್ಯಾ."

"ತೋರಸ್ತೀನ್ರಿ, ಹಬ್ಬಾ ಆಗ್ಲಿ," ಎಂದು ಕಲ್ಲಯ್ಯ ಎದ್ದ. ರಾಜಮತಿ ಕೊಟ್ಟ ಚಹಾ ಕುಡಿದು ಹೊರಟ. ಲಾರಿ ರಸ್ತೆಯ ಮೇಲೆ ನಿಂತಿತ್ತು. ಅದು ಚಾಲೂ ಆದ ಸದ್ದು, ಗೇರು ಬದಲಿಸಿದ ಸದ್ದು, ಮೂಲೆ ತಿರುಗಿದ ಸದ್ದು ಎಲ್ಲ ಜಿನಪಾಲನಿಗೆ ಒಂದೊಂದಾಗಿ ಕೇಳಿಸಿತು. ಅದು ಯಾವ ಕಡೆ ತಿರುಗಿತು ಎಂದು ರಾಜಮತಿಯನ್ನು ಕೇಳಿದ. ಅದು ಪಾರಿಶ್ವಾಡದ ಕಡೆಗೇ ತಿರುಗಿದ್ದನ್ನು ನೋಡಿದ್ದ ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.